ಡೆಸ್ಕ್‌ಟಾಪ್ ಹ್ಯಾಂಗ್ ಆದಾಗ ಪಟ್ಟಿಯ ಮೊದಲ ಹೆಸರನ್ನೇ ನಂಬಬೇಡಿ

ಕಂಪ್ಯೂಟರ್ ಹ್ಯಾಂಗ್ ಆಗಿದೆ ಎಂದು ನಾವು ಹೇಳುವ ಬಹುತೇಕ ಸಂದರ್ಭಗಳಲ್ಲಿ ನಿಂತುಹೋಗಿರುವುದು ಡೆಸ್ಕ್‌ಟಾಪ್, ಅಂದರೆ ವಿಂಡೋ ಮತ್ತು ಮೆನುಗಳನ್ನು ತೋರಿಸುವ ತಂತ್ರಾಂಶ ಮಾತ್ರ. ಹಾಡು ತನ್ನ ಪಾಡಿಗೆ ಕೇಳಿಸುತ್ತಿರುತ್ತದೆ, ಡೌನ್‌ಲೋಡ್ ಮುಂದುವರಿಯುತ್ತಿರುತ್ತದೆ, ಆದರೆ ಮೇಲುಪಟ್ಟಿಯ ಗಡಿಯಾರ ಕದಲುವುದಿಲ್ಲ, ಮೆನು ತೆರೆಯುವುದಿಲ್ಲ, ಒಂದು ವಿಂಡೋದಿಂದ ಇನ್ನೊಂದಕ್ಕೆ ಹೋಗಲು ಆಗುವುದಿಲ್ಲ. ಆ ಹೊತ್ತಿನಲ್ಲಿ ಪವರ್ ಗುಂಡಿಯನ್ನು ಒತ್ತಿ ಹಿಡಿದರೆ ತೊಂದರೆ ತಾತ್ಕಾಲಿಕವಾಗಿ ನೀಗುತ್ತದೆ ನಿಜ. ಅದರ ಜೊತೆಗೆ ಉಳಿಸದ ಕೆಲಸವೂ, ತೊಂದರೆಯ ಕಾರಣವನ್ನು ತಿಳಿಯುವ ಅವಕಾಶವೂ ಕೈತಪ್ಪುತ್ತವೆ. ನನ್ನ ಲಿನಕ್ಸ್ ಲ್ಯಾಪ್‌ಟಾಪಿನ ಗ್ನೋಮ್ ಡೆಸ್ಕ್‌ಟಾಪ್ ಕೆಲಕಾಲ ಹೀಗೆ ಕಾಡಿದ್ದರಿಂದ, ಅದರ ಮೂಲವನ್ನು ಹುಡುಕಿದ ಬಗೆಯನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ತಿಳಿಯಬೇಕಾದದ್ದು ಯಂತ್ರ ಜೀವಂತವಾಗಿದೆಯೇ ಎಂಬುದು. ಕ್ಯಾಪ್ಸ್ ಲಾಕ್ ಒತ್ತಿ ಅದರ ದೀಪ ಬೆಳಗುತ್ತದೆಯೇ ನೋಡಿ ಎಂಬ ಹಳೆಯ ಸಲಹೆಯನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಗ್ರಾಫಿಕಲ್ ಸೆಷನ್ ನಡೆಯುತ್ತಿರುವಾಗ ಆ ದೀಪವನ್ನು ನಿರ್ವಹಿಸುವುದೂ ಡಿಸ್‌ಪ್ಲೇ ಸರ್ವರೇ ಆಗಿರುವುದರಿಂದ, ದೀಪ ಬೆಳಗದಿದ್ದರೆ ಲಿನಕ್ಸ್‌ನ ತಿರುಳಾದ ಕರ್ನಲ್ ಸತ್ತಿದೆ ಎಂದು ಹೇಳಲಾಗುವುದಿಲ್ಲ. ಕಂಟ್ರೋಲ್, ಆಲ್ಟ್, ಎಫ್3 ಕೀಲಿಗಳನ್ನು ಒಟ್ಟಿಗೆ ಒತ್ತಿ ಪಠ್ಯ ಕನ್ಸೋಲಿಗೆ ಹೋಗುವ ಉಪಾಯಕ್ಕೂ ಇದೇ ಮಿತಿಯಿದೆ: ವೇಲ್ಯಾಂಡ್ (ಲಿನಕ್ಸ್‌ನ ಹೊಸ ಪರದೆ ವ್ಯವಸ್ಥೆ) ಸೆಷನ್ನಿನಲ್ಲಿ ಆ ಕೀಲಿಗಳನ್ನು ಗುರುತಿಸಬೇಕಾದ ಪ್ರೋಗ್ರಾಮೇ ನಿಂತುಹೋಗಿದ್ದರೆ ಕನ್ಸೋಲ್ ಬರುವುದಿಲ್ಲ. ಬೇರೊಂದು ಯಂತ್ರದಿಂದ, ಅಥವಾ ಫೋನಿನಿಂದಲೇ, ದೂರದಿಂದ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಮೂಲಕ ಒಳಹೊಕ್ಕು ನೋಡುವುದು ಎಲ್ಲಕ್ಕಿಂತ ಖಚಿತವಾದ ಪರೀಕ್ಷೆ. ಆದ್ದರಿಂದ ಪದೇ ಪದೇ ಹ್ಯಾಂಗ್ ಆಗುವ ಯಂತ್ರದಲ್ಲಿ, ಅದು ಸರಿಯಿರುವಾಗಲೇ ಎಸ್‌ಎಸ್‌ಎಚ್ ಸೇವೆಯನ್ನು ಚಾಲೂ ಮಾಡಿಟ್ಟುಕೊಳ್ಳಬೇಕು.

ಆಲ್ಟ್ ಮತ್ತು ಸಿಸ್‌ರಿಕ್ವೆಸ್ಟ್ ಕೀಲಿಗಳ ಜೊತೆ ಒಂದು ಅಕ್ಷರವನ್ನು ಒತ್ತಿ ಕರ್ನಲ್‌ಗೆ ನೇರವಾಗಿ ಆಜ್ಞೆ ಕೊಡುವ ಸೌಲಭ್ಯವೂ ಲಿನಕ್ಸ್‌ನಲ್ಲಿದೆ. ಆರ್ ಒತ್ತಿದರೆ ಕೀಲಿಮಣೆ ಡೆಸ್ಕ್‌ಟಾಪಿನ ಹಿಡಿತದಿಂದ ಬಿಡುಗಡೆಯಾಗುತ್ತದೆ, ಎಫ್ ಒತ್ತಿದರೆ ಮೆಮೊರಿಯನ್ನು ಅತಿಯಾಗಿ ನುಂಗಿದ ಪ್ರೊಸೆಸ್ ಒಂದನ್ನು ಕರ್ನಲ್ ಕೊಲ್ಲುತ್ತದೆ. ಇದನ್ನು ಹೇಳಿಕೊಡುವ ಲೇಖನಗಳು ಸಾಮಾನ್ಯವಾಗಿ ಬಿಟ್ಟುಬಿಡುವ ವಿಷಯವೆಂದರೆ, ಉಬುಂಟುವಿನಲ್ಲಿ ಈ ಸೌಲಭ್ಯದ ಪೂರ್ವನಿಗದಿತ ಮೌಲ್ಯ 176 ಆಗಿದ್ದು, ಅದರಲ್ಲಿ ಡಿಸ್ಕ್ ಸಿಂಕ್, ಓದಲು ಮಾತ್ರ ಮರುಮೌಂಟ್ ಮತ್ತು ರೀಬೂಟ್ ಇವಕ್ಕಷ್ಟೇ ಅನುಮತಿಯಿದೆ ಎಂಬುದು. ಆರ್ ಮತ್ತು ಎಫ್ ಕೂಡ ಕೆಲಸ ಮಾಡಬೇಕಾದರೆ ಅದಕ್ಕೆ 4 ಮತ್ತು 64 ಸೇರಿಸಿ 244 ಎಂದು ಬದಲಿಸಬೇಕು.

ಯಂತ್ರ ಜೀವಂತವಾಗಿದೆ ಎಂದಾದ ಮೇಲೆ ಅಂಕಿಗಳನ್ನು ನೋಡಬೇಕು, ಮತ್ತು ಇಲ್ಲಿಯೇ ಹೆಚ್ಚಿನವರು ದಾರಿ ತಪ್ಪುತ್ತಾರೆ. ಎಂಟು ಕೋರ್‌ಗಳ ಪ್ರೊಸೆಸರ್‌ನಲ್ಲಿ ಒಂದು ಥ್ರೆಡ್ (ಪ್ರೋಗ್ರಾಮಿನೊಳಗಿನ ಕೆಲಸದ ಒಂದು ಎಳೆ) ತನ್ನ ಕೋರನ್ನು ಪೂರ್ತಿಯಾಗಿ ಬಳಸಿದರೂ ಒಟ್ಟು ಬಳಕೆ ಸುಮಾರು ಶೇ. 12.5ರಷ್ಟೇ ಕಾಣುತ್ತದೆ. ಅಷ್ಟು ಕಡಿಮೆ ಅಂಕಿಯನ್ನು ಕಂಡವರು ಪ್ರೊಸೆಸರ್ ಮೇಲೆ ಹೊರೆಯೇ ಇಲ್ಲವೆಂದುಕೊಂಡು ಬೇರೆಡೆ ಹುಡುಕಲು ಹೋಗುತ್ತಾರೆ. ಓಡುತ್ತಿರುವ ಪ್ರೊಸೆಸ್‌ಗಳನ್ನು ಪಟ್ಟಿಮಾಡುವ ಲಿನಕ್ಸ್‌ನ ಟಾಪ್ ಆಜ್ಞೆ ಒಂದು ಕೋರನ್ನೇ ನೂರೆಂದು ಲೆಕ್ಕ ಹಾಕುವುದರಿಂದ ಅದೇ ಪ್ರೊಸೆಸ್ ಅಲ್ಲಿ ಶೇ. 100 ಎಂದು ಕಾಣಿಸಿಕೊಳ್ಳುತ್ತದೆ. ಗ್ನೋಮ್ ಡೆಸ್ಕ್‌ಟಾಪನ್ನು ನಡೆಸುವ ಗ್ನೋಮ್ ಶೆಲ್‌ನ ಮಟ್ಟಿಗೆ ಈ ವ್ಯತ್ಯಾಸ ಬಹಳ ಮುಖ್ಯವಾದದ್ದು. ಅದರ ಮೇಲುಪಟ್ಟಿ, ಮೆನುಗಳು, ವಿಂಡೋಗಳ ನಿರ್ವಹಣೆ, ನಾವು ಹಾಕಿಕೊಂಡ ಎಕ್ಸ್‌ಟೆನ್ಷನ್‌ಗಳು (ಡೆಸ್ಕ್‌ಟಾಪಿಗೆ ಹೆಚ್ಚುವರಿ ಸೌಲಭ್ಯ ಸೇರಿಸುವ ಪುಟ್ಟ ತಂತ್ರಾಂಶಗಳು) ಇವೆಲ್ಲವುಗಳ ಜಾವಾಸ್ಕ್ರಿಪ್ಟ್ ಕೋಡ್ ಒಂದೇ ಮುಖ್ಯ ಥ್ರೆಡ್‌ನಲ್ಲಿ ಸರದಿಯ ಮೇಲೆ ನಡೆಯುತ್ತದೆ. ಸೆಕೆಂಡಿಗೆ 60 ಬಾರಿ ಬದಲಾಗುವ ಪರದೆಗೆ ಒಂದೊಂದು ಚಿತ್ರವನ್ನು ಸಿದ್ಧಪಡಿಸಲು ಸಿಗುವ ಕಾಲ ಸುಮಾರು 16.7 ಮಿಲಿಸೆಕೆಂಡು, ಸರದಿಯಲ್ಲಿ ಯಾವುದೋ ಒಂದು ಕೆಲಸ ಅರ್ಧ ಸೆಕೆಂಡು ಹಿಡಿದರೂ ಪರದೆ ಎಡವಿದ್ದು ಕಣ್ಣಿಗೆ ಕಾಣುತ್ತದೆ, ಹತ್ತು ಸೆಕೆಂಡು ಹಿಡಿದರೆ ಅದನ್ನೇ ನಾವು ಹ್ಯಾಂಗ್ ಎನ್ನುತ್ತೇವೆ.

ನನ್ನ ಯಂತ್ರದಲ್ಲಿ ಟಾಪ್ ಪಟ್ಟಿಯ ಮೊದಲ ಸಾಲಿನಲ್ಲಿದ್ದದ್ದು ಗ್ನೋಮ್ ಶೆಲ್. ಬೆಳಗ್ಗೆ ಲಾಗಿನ್ ಆದಾಗ ಕೆಲವೇ ನೂರು ಎಂಬಿಯಷ್ಟಿದ್ದ ಅದರ ಮೆಮೊರಿ ಬಳಕೆ ಸಂಜೆಯ ಹೊತ್ತಿಗೆ ಎರಡು ಜಿಬಿಯನ್ನು ದಾಟುತ್ತಿತ್ತು. ಆದರೆ ನನ್ನ ಗಮನ ಸೆಳೆದದ್ದು ಎರಡನೆಯ ಸಾಲು. ಲಾಗ್ ಬರೆಯುವ ಜರ್ನಲ್ ಸೇವೆ ಸಾಮಾನ್ಯವಾಗಿ ಪಟ್ಟಿಯ ತಳದಲ್ಲೆಲ್ಲೋ ಇರಬೇಕಾದದ್ದು, ಇಲ್ಲಿ ಶೆಲ್‌ನ ಬೆನ್ನಿಗೇ ನಿಂತಿತ್ತು. ಯಾರೋ ಎಡೆಬಿಡದೆ ದೂರು ಬರೆಸುತ್ತಿದ್ದರೆ ಮಾತ್ರ ಹೀಗಾಗುತ್ತದೆ. ಜರ್ನಲ್ ತೆರೆದಾಗ ಪ್ರತಿ ಸೆಕೆಂಡಿಗೂ ಒಂದೇ ಬಗೆಯ ಸಾಲುಗಳು ಗೊಂಚಲಾಗಿ ಬರುತ್ತಿದ್ದವು: ಈಗಾಗಲೇ ವಿಲೇವಾರಿಯಾಗಿರುವ ಲೇಬಲ್ (ಪರದೆಯಲ್ಲಿ ಅಕ್ಷರ ತೋರಿಸುವ ತುಣುಕು) ಒಂದನ್ನು ಯಾವುದೋ ಕೋಡ್ ಬಳಸಲು ಯತ್ನಿಸುತ್ತಿದೆ, ಅದು ಸಾಧ್ಯವಿಲ್ಲ ಎಂಬ ಎಚ್ಚರಿಕೆ, ಅದರ ಕೆಳಗೆ ಆ ಕೋಡ್ ಇರುವ ಕಡತದ ಹೆಸರು. ಆ ಕಡತ ಗ್ನೋಮ್‌ನದಾಗಿರಲಿಲ್ಲ, ನಾನು ಹಾಕಿಕೊಂಡಿದ್ದ ಎಕ್ಸ್‌ಟೆನ್ಷನ್ ಒಂದರದ್ದಾಗಿತ್ತು. ಪ್ರೊಸೆಸರ್ ಮತ್ತು ಮೆಮೊರಿ ಎಷ್ಟು ಬಳಕೆಯಾಗುತ್ತಿದೆ ಎಂಬುದನ್ನು ಮೇಲುಪಟ್ಟಿಯಲ್ಲಿ ತೋರಿಸುವುದೇ ಆ ಎಕ್ಸ್‌ಟೆನ್ಷನ್‌ನ ಕೆಲಸ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಬೇರೆ ಸಿಕ್ಕಿಲ್ಲ.

ತೊಂದರೆ ಹೊತ್ತು ಕಳೆದಂತೆ ಹೆಚ್ಚುವುದೇಕೆ ಎಂಬುದು ಮಾತ್ರ ಇನ್ನೂ ತಿಳಿದಿರಲಿಲ್ಲ, ಏಕೆಂದರೆ ಯಂತ್ರವನ್ನು ಗಂಟೆಗಟ್ಟಲೆ ಸುಮ್ಮನೆ ಬಿಟ್ಟರೆ ಅದು ಹೆಚ್ಚುತ್ತಿರಲಿಲ್ಲ. ಉತ್ತರವಿದ್ದದ್ದು ಪರದೆಯ ಲಾಕ್‌ನಲ್ಲಿ. ಪರದೆ ಲಾಕ್ ಆದಾಗ ಗ್ನೋಮ್ ಸುರಕ್ಷತೆಯ ದೃಷ್ಟಿಯಿಂದ ಸಾಮಾನ್ಯ ಎಕ್ಸ್‌ಟೆನ್ಷನ್‌ಗಳನ್ನೆಲ್ಲ ನಿಷ್ಕ್ರಿಯಗೊಳಿಸುತ್ತದೆ, ಅನ್‌ಲಾಕ್ ಆದಾಗ ಮತ್ತೆ ಸಕ್ರಿಯಗೊಳಿಸುತ್ತದೆ. ನಿಷ್ಕ್ರಿಯವಾಗುವಾಗ ತಾನು ಹಚ್ಚಿದ ಟೈಮರ್‌ಗಳನ್ನೂ ಸಿಗ್ನಲ್‌ಗಳನ್ನೂ ತಾನೇ ತೆಗೆದುಹಾಕಬೇಕಾದದ್ದು ಪ್ರತಿ ಎಕ್ಸ್‌ಟೆನ್ಷನ್‌ನ ಹೊಣೆ, ಮತ್ತು ಗ್ನೋಮ್‌ನ ಎಕ್ಸ್‌ಟೆನ್ಷನ್ ಪರಿಶೀಲನಾ ನಿಯಮಗಳಲ್ಲಿ ಇದನ್ನು ಸ್ಪಷ್ಟವಾಗಿಯೇ ಹೇಳಲಾಗಿದೆ. ಈ ಎಕ್ಸ್‌ಟೆನ್ಷನ್ ಲೇಬಲನ್ನು ತೆಗೆಯುತ್ತಿತ್ತು, ಆದರೆ ಟೈಮರನ್ನು ಹಾಗೆಯೇ ಬಿಡುತ್ತಿತ್ತು. ಹೀಗಾಗಿ ಒಮ್ಮೆ ಲಾಕ್ ಮಾಡಿ ತೆರೆದರೆ ಎರಡು ಟೈಮರ್, ಮತ್ತೊಮ್ಮೆ ಮಾಡಿದರೆ ಮೂರು. ಹಳೆಯವೆಲ್ಲ ಇಲ್ಲದ ಲೇಬಲಿಗೆ ಪ್ರತಿ ಸೆಕೆಂಡೂ ಅಂಕಿ ಬರೆಯಲು ಹೋಗುತ್ತವೆ, ಪ್ರತಿ ಬಾರಿಯೂ ಜರ್ನಲ್‌ಗೆ ಒಂದು ದೂರು ಬೀಳುತ್ತದೆ. ಇದನ್ನು ಖಚಿತಪಡಿಸಿಕೊಳ್ಳುವುದು ಕಷ್ಟವಾಗಲಿಲ್ಲ. ಜರ್ನಲ್ ಹರಿಯುತ್ತಿರುವಾಗಲೇ ಪರದೆಯನ್ನು ಲಾಕ್ ಮಾಡಿ ತೆರೆದರೆ ಸೆಕೆಂಡಿಗೆ ಬರುವ ದೂರುಗಳ ಸಂಖ್ಯೆ ಸರಿಯಾಗಿ ಒಂದರಂತೆ ಏರುತ್ತಿತ್ತು. ಎದ್ದು ಹೋಗುವಾಗಲೆಲ್ಲ ಪರದೆಗೆ ಬೀಗ ಹಾಕುವ ಶಿಸ್ತಿನ ಬಳಕೆದಾರರಿಗೇ ಈ ದೋಷ ಹೆಚ್ಚು ಕಾಡುತ್ತದೆ ಎಂಬುದು ಸ್ವಲ್ಪ ಅನ್ಯಾಯವೇ ಸರಿ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಇಂಥ ಎಕ್ಸ್‌ಟೆನ್ಷನ್ ಅನ್ನು ಆಫ್ ಮಾಡಿದ ಕೂಡಲೇ ಡೆಸ್ಕ್‌ಟಾಪ್ ಹಗುರಾಗುವುದಿಲ್ಲ, ಏಕೆಂದರೆ ಅನಾಥವಾಗಿ ಉಳಿದ ಟೈಮರ್‌ಗಳು ಶೆಲ್ ಪ್ರೊಸೆಸ್ ಬದುಕಿರುವಷ್ಟು ಕಾಲವೂ ಓಡುತ್ತಲೇ ಇರುತ್ತವೆ. ಆಫ್ ಮಾಡಿ, ಬದಲಾವಣೆ ಕಾಣದೆ, ದೋಷ ಇದರದ್ದಲ್ಲ ಎಂದು ತೀರ್ಮಾನಿಸಿ ಮುಂದಿನದನ್ನು ಹುಡುಕುವವರು ನಿಜವಾದ ಅಪರಾಧಿಯನ್ನೇ ಬಿಟ್ಟು ಕಳುಹಿಸಿದಂತಾಗುತ್ತದೆ. ಆಫ್ ಮಾಡಿದ ಮೇಲೆ ಲಾಗ್‌ಔಟ್ ಆಗಿ, ಮತ್ತೆ ಲಾಗಿನ್ ಆಗಿ ಪರೀಕ್ಷಿಸಬೇಕು. ಯಾವುದರ ಮೇಲೂ ನಿರ್ದಿಷ್ಟ ಅನುಮಾನವಿಲ್ಲದಿದ್ದರೆ ಎಲ್ಲ ಎಕ್ಸ್‌ಟೆನ್ಷನ್‌ಗಳನ್ನೂ ಒಟ್ಟಿಗೆ ನಿಲ್ಲಿಸುವ ಸ್ವಿಚ್ ಎಕ್ಸ್‌ಟೆನ್ಷನ್ಸ್ ಆ್ಯಪ್‌ನಲ್ಲಿದೆ; ಅದರಿಂದ ತೊಂದರೆ ನಿಂತರೆ ಅರ್ಧದಷ್ಟನ್ನು ಚಾಲೂ ಮಾಡಿ, ಮತ್ತೆ ಅದರಲ್ಲಿ ಅರ್ಧ ಎಂದು ಕತ್ತರಿಸುತ್ತ ಹೋದರೆ ದೀರ್ಘ ಪಟ್ಟಿಯೂ ಬೇಗನೆ ಕಿರಿದಾಗುತ್ತದೆ.

ಪ್ರೊಸೆಸರ್ ಖಾಲಿ ಕುಳಿತಿದ್ದರೂ ಡೆಸ್ಕ್‌ಟಾಪ್ ನಿಂತಿದ್ದರೆ ಕಥೆ ಬೇರೆ. ಆಗ ನೋಡಬೇಕಾದದ್ದು ಮೆಮೊರಿ ಮತ್ತು ಡಿಸ್ಕ್. ಫ್ರೀ ಆಜ್ಞೆಯ ಫಲಿತಾಂಶದಲ್ಲಿ ಫ್ರೀ ಎಂಬ ಕಾಲಂ ಕಡಿಮೆಯಿದೆ ಎಂದು ಗಾಬರಿಯಾಗಬೇಕಿಲ್ಲ, ಏಕೆಂದರೆ ಲಿನಕ್ಸ್ ಬಿಡುವಿರುವ ಮೆಮೊರಿಯನ್ನು ಡಿಸ್ಕ್ ಕ್ಯಾಶ್‌ಗೆ ಬಳಸಿಕೊಳ್ಳುತ್ತದೆ. ಅವೈಲಬಲ್ ಎಂಬ ಕಾಲಂ ತಳ ಕಂಡಿದ್ದರೆ ಮಾತ್ರ ಚಿಂತಿಸಬೇಕು. ಸ್ವಾಪ್ (ಮೆಮೊರಿ ಸಾಲದಾದಾಗ ಬಳಸುವ ಡಿಸ್ಕ್ ಜಾಗ) ಇಲ್ಲದಿದ್ದರೆ ಯಂತ್ರ ಒದ್ದಾಡುವುದಿಲ್ಲ ಎಂದು ಹಲವರು ನಂಬಿದ್ದಾರೆ. ವಾಸ್ತವದಲ್ಲಿ ಮೆಮೊರಿ ಮುಗಿಯುತ್ತ ಬಂದಾಗ ಕರ್ನಲ್, ಓಡುತ್ತಿರುವ ಪ್ರೋಗ್ರಾಮ್‌ಗಳ ಕೋಡ್ ಪುಟಗಳನ್ನೇ ಮೆಮೊರಿಯಿಂದ ಹೊರಹಾಕಿ, ಬೇಕಾದಾಗಲೆಲ್ಲ ಡಿಸ್ಕ್‌ನಿಂದ ಮತ್ತೆ ಓದುತ್ತದೆ. ಆಗ ಮೌಸ್ ಬಾಣ ಕದಲಬೇಕಾದರೂ ಡಿಸ್ಕ್‌ಗೆ ಕಾಯಬೇಕಾದ ಸ್ಥಿತಿ ಬರುತ್ತದೆ. 2018ರ ಡಿಸೆಂಬರ್‌ನಲ್ಲಿ ಬಂದ ಲಿನಕ್ಸ್ 4.20 ಈ ಒದ್ದಾಟವನ್ನು ಅಳೆಯುವ ಸೌಲಭ್ಯವನ್ನು ತಂದಿತು: ಮೆಮೊರಿ, ಡಿಸ್ಕ್ ಅಥವಾ ಪ್ರೊಸೆಸರ್‌ಗಾಗಿ ಕೆಲಸಗಳು ಎಷ್ಟು ಪಾಲು ಹೊತ್ತು ಕಾಯುತ್ತ ಕುಳಿತವು ಎಂಬುದನ್ನು ಪ್ರೊಕ್ ಫೋಲ್ಡರಿನೊಳಗಿನ ಪ್ರೆಷರ್ ಕಡತಗಳಲ್ಲಿ ಕೊನೆಯ 10, 60 ಮತ್ತು 300 ಸೆಕೆಂಡುಗಳ ಸರಾಸರಿಯಾಗಿ ನೋಡಬಹುದು. ಬರಿಯ ಲೋಡ್ ಅಂಕಿಗಿಂತ ಇದು ಎಷ್ಟೋ ಮೇಲು. ಫೆಡೋರಾ 34 ಮತ್ತು ಉಬುಂಟು 22.04ರಿಂದ ಈ ಮಾಹಿತಿಯನ್ನೇ ಆಧರಿಸಿ, ಯಂತ್ರ ಪೂರ್ತಿ ಕುಸಿಯುವ ಮೊದಲೇ ಭಾರೀ ಪ್ರೋಗ್ರಾಮ್ ಒಂದನ್ನು ಮುಗಿಸುವ ಸೇವೆಯೂ (systemd-oomd) ಜೊತೆಗೇ ಬರುತ್ತಿದೆ. ಬ್ರೌಸರ್ ತಾನಾಗಿ ಮಾಯವಾಯಿತು ಎಂದು ದೂರುವವರು ಜರ್ನಲ್‌ನಲ್ಲಿ ಇದರ ಹೆಸರನ್ನು ಹುಡುಕಿ ನೋಡಬಹುದು.

ಉಳಿದ ಎರಡು ಕಾರಣಗಳನ್ನು ಚುಟುಕಾಗಿ ಹೇಳಬಹುದು. ಸಿಸ್ಟಂ ಮಾಹಿತಿಯ ಪುಟದಲ್ಲಿ ಗ್ರಾಫಿಕ್ಸ್ ಎಂಬಲ್ಲಿ ನಿಮ್ಮ ಗ್ರಾಫಿಕ್ಸ್ ಚಿಪ್‌ನ ಬದಲು ಎಲ್‌ಎಲ್‌ವಿಎಂ ಪೈಪ್ ಎಂಬ ಹೆಸರು ಕಂಡರೆ ಡ್ರೈವರ್ ಲೋಡ್ ಆಗಿಲ್ಲವೆಂದೂ, ಪರದೆಯ ಚಿತ್ರವನ್ನೆಲ್ಲ ಪ್ರೊಸೆಸರೇ ಬಿಡಿಸುತ್ತಿದೆಯೆಂದೂ ಅರ್ಥ. ಕರ್ನಲ್ ನವೀಕರಣದ ಬೆನ್ನಲ್ಲೇ ಡೆಸ್ಕ್‌ಟಾಪ್ ಭಾರವಾದರೆ ಮೊದಲು ಇದನ್ನೇ ನೋಡಿ. ಇನ್ನು ಕಡತಗಳನ್ನು ಹುಡುಕಲು ಅನುವಾಗುವಂತೆ ಸೂಚಿ ತಯಾರಿಸುವ ಗ್ನೋಮ್‌ನ ಟ್ರ್ಯಾಕರ್ (2024ರಿಂದ ಲೋಕಲ್‌ಸರ್ಚ್ ಎಂಬ ಹೆಸರು), ಕೆಡಿಇ ಎಂಬ ಇನ್ನೊಂದು ಡೆಸ್ಕ್‌ಟಾಪಿನ ಬಾಲೂ ಇವು ಹೊಸದಾಗಿ ಕಡತಗಳ ರಾಶಿ ಬಂದಾಗ ಕೆಲಹೊತ್ತು ದುಡಿಯುವುದು ಸಹಜ. ಒಂದೇ ಕಡತದ ಮೇಲೆ ಸಿಕ್ಕಿಹಾಕಿಕೊಂಡು ಮುಂದೆ ಸಾಗದಿದ್ದರೆ ಮಾತ್ರ ಆ ಫೋಲ್ಡರನ್ನು ಸೂಚಿಯಿಂದ ಹೊರಗಿಡಬೇಕು. ಸೇವೆಯನ್ನೇ ಕಿತ್ತೆಸೆಯಬೇಕೆನ್ನುವ ಸಲಹೆ ನನಗೆ ಒಪ್ಪಿಗೆಯಿಲ್ಲ.

ಆತಿಥೇಯನ ಹೆಸರು ಮುಂದಿದ್ದು ಅತಿಥಿ ಮರೆಯಲ್ಲಿರುವ ಈ ಸಮಸ್ಯೆ ಗ್ನೋಮ್‌ಗೆ ಸೀಮಿತವಾದದ್ದಲ್ಲ. ವಿಂಡೋಸ್‌ನಲ್ಲಿ ಬಲ ಕ್ಲಿಕ್ ಮೆನುವಿಗೆ ತಮ್ಮ ಸಾಲನ್ನು ಸೇರಿಸುವ ಇತರ ತಂತ್ರಾಂಶಗಳ ಕೋಡ್ ಎಕ್ಸ್‌ಪ್ಲೋರರ್ ಪ್ರೊಸೆಸ್‌ನೊಳಗೇ ಓಡುತ್ತದೆ, ತಪ್ಪು ಅದರದ್ದಾದರೂ ಟಾಸ್ಕ್ ಮ್ಯಾನೇಜರ್‌ನಲ್ಲಿ ಕಾಣುವುದು ಎಕ್ಸ್‌ಪ್ಲೋರರ್ ಹೆಸರೇ. ಅಲ್ಲಿ ಡೀಟೇಲ್ಸ್ ಪುಟದಲ್ಲಿ ಜಿಡಿಐ ಆಬ್ಜೆಕ್ಟ್ಸ್ (ಪರದೆಯಲ್ಲಿ ಚಿತ್ರ ಬಿಡಿಸಲು ವಿಂಡೋಸ್ ಬಳಸುವ ವಸ್ತುಗಳು) ಎಂಬ ಕಾಲಂ ಸೇರಿಸಿಕೊಂಡು ನೋಡಬೇಕು. ಒಂದು ಪ್ರೊಸೆಸ್‌ಗೆ ಪೂರ್ವನಿಗದಿತ ಮಿತಿ 10,000 ಆಗಿದ್ದು, ಅದರತ್ತ ಏರುತ್ತಲೇ ಹೋಗುವ ಪ್ರೊಸೆಸ್‌ನ ವಿಂಡೋಗಳು ಕೊನೆಗೆ ಅರ್ಧಂಬರ್ಧ ಬಿಡಿಸಿಕೊಳ್ಳತೊಡಗುತ್ತವೆ. ಕೆಲಸ ಕಳೆದುಕೊಳ್ಳದೆ ಚೇತರಿಸಿಕೊಳ್ಳುವ ವಿಷಯದಲ್ಲಿ ಮಾತ್ರ ವಿಂಡೋಸ್ ಮತ್ತು ಕೆಡಿಇ ಪ್ಲಾಸ್ಮಾ ವಾಸಿ. ಎಕ್ಸ್‌ಪ್ಲೋರರ್ ಅಥವಾ ಪ್ಲಾಸ್ಮಾಶೆಲ್ ಅನ್ನು ರೀಸ್ಟಾರ್ಟ್ ಮಾಡಿದರೆ ತೆರೆದ ವಿಂಡೋಗಳಿಗೆ ಸಾಮಾನ್ಯವಾಗಿ ಧಕ್ಕೆಯಾಗುವುದಿಲ್ಲ, ಏಕೆಂದರೆ ವಿಂಡೋಗಳನ್ನು ಪರದೆಗೆ ಜೋಡಿಸುವ ಕೆಲಸ ಬೇರೊಂದು ಪ್ರೊಸೆಸ್‌ನದ್ದು. ವೇಲ್ಯಾಂಡ್ ಮೇಲಿನ ಗ್ನೋಮ್‌ನಲ್ಲಿ ಎರಡೂ ಒಂದೇ ಆಗಿರುವುದರಿಂದ ಶೆಲ್ ಅನ್ನು ಕೊಂದರೆ ಸೆಷನ್ನೇ ಮುಗಿಯುತ್ತದೆ.

ಎಕ್ಸ್‌ಟೆನ್ಷನ್ ಬರೆದವರಿಗೆ ಕಳುಹಿಸಿದ ದೋಷ ವರದಿಯಲ್ಲಿ ನಾನು ಗ್ನೋಮ್ ಆವೃತ್ತಿ, ಎಕ್ಸ್‌ಟೆನ್ಷನ್‌ನ ಆವೃತ್ತಿ, ಜರ್ನಲ್‌ನ ಒಂದು ಗೊಂಚಲು ಸಾಲುಗಳು ಮತ್ತು ಲಾಕ್ ಮಾಡಿ ತೆರೆಯುವ ಪರೀಕ್ಷೆಯ ಕ್ರಮ ಇಷ್ಟನ್ನೇ ಬರೆದೆ. ನಿಧಾನವಾಗಿದೆ, ಹ್ಯಾಂಗ್ ಆಗುತ್ತದೆ ಎಂಬ ವಿವರಣೆಗಳನ್ನು ಸೇರಿಸಲಿಲ್ಲ, ಏಕೆಂದರೆ ಅವುಗಳಿಂದ ಕೋಡ್ ಬರೆದವರಿಗೆ ಹುಡುಕಲು ಯಾವ ಎಳೆಯೂ ಸಿಗುವುದಿಲ್ಲ. ಅವರು ಮಾಡಬೇಕಾದ ತಿದ್ದುಪಡಿ, ನಿಷ್ಕ್ರಿಯಗೊಳ್ಳುವಾಗ ಟೈಮರ್‌ನ ಗುರುತಿನ ಸಂಖ್ಯೆಯನ್ನು ಹಿಡಿದು ಅದನ್ನು ತೆಗೆದುಹಾಕುವ ಒಂದು ಸಾಲು ಮಾತ್ರ. ಅದು ಬರುವ ತನಕ ನನ್ನ ಮೇಲುಪಟ್ಟಿಯಲ್ಲಿ ಅಂಕಿಗಳಿಲ್ಲ. ಬೇಕೆನಿಸಿದಾಗ ಟರ್ಮಿನಲ್‌ನಲ್ಲಿ ಟಾಪ್ ತೆರೆದು ನೋಡುತ್ತೇನೆ.