ಶಿವರಾತ್ರಿಯಿಂದ ಏಪ್ರಿಲ್ ಕೊನೆಯವರೆಗೆ: ನಮ್ಮ ಗುಂಪಿನ ಬೇಸಿಗೆ ಓಟ

ಶಿವರಾತ್ರಿ ಬಂತೆಂದರೆ ಚಳಿ ಶಿವಶಿವಾ ಎಂದು ಓಡಿಹೋಗುತ್ತದೆ ಎಂಬ ಮಾತು ನಮ್ಮ ಕಡೆ ಇದೆ. ಮೈಸೂರಿನ ನಮ್ಮ ಓಟದ ಗುಂಪು ಬೇಸಿಗೆಯ ತಯಾರಿಯನ್ನು ಆರಂಭಿಸುವುದೂ ಆ ಹಬ್ಬದ ಆಸುಪಾಸಿನಲ್ಲಿಯೇ. 2024ರಲ್ಲಿ ಶಿವರಾತ್ರಿ ಮಾರ್ಚ್ 8ರಂದು ಬಂದಿತ್ತು. ನಾವು ಓಡಬೇಕೆಂದಿದ್ದ, ಹತ್ತು ಕಿಲೋಮೀಟರ್ ದೂರದ ಬೆಂಗಳೂರಿನ ಟಿಸಿಎಸ್ ವರ್ಲ್ಡ್ 10ಕೆ ಓಟ ಏಪ್ರಿಲ್ 28ರ ಭಾನುವಾರಕ್ಕೆ ನಿಗದಿಯಾಗಿತ್ತು. 2008ರಲ್ಲಿ ಆರಂಭವಾದ ಈ ಓಟ ಬಹುಕಾಲ ಮೇ ತಿಂಗಳಲ್ಲಿಯೇ ನಡೆಯುತ್ತಿತ್ತು. 2023ರಲ್ಲಿಯೂ ಅದು ನಡೆದದ್ದು ಮೇ 21ರಂದು. ಏಪ್ರಿಲ್‌ಗೆ ಬಂದದ್ದರಿಂದ ಸೆಕೆ ಕಡಿಮೆಯಾದೀತೆಂದು ಹೊರಗಿನವರು ತಿಳಿಯಬಹುದು. ಆದರೆ ಬೆಂಗಳೂರು ಮೈಸೂರುಗಳಲ್ಲಿ ವರ್ಷದ ಅತಿ ಬಿಸಿಯ ತಿಂಗಳು ಏಪ್ರಿಲ್ಲೇ. ಮೇ ತಿಂಗಳಲ್ಲಿ ಸಂಜೆಯ ಗುಡುಗು ಮಳೆ ನೆಲವನ್ನು ಆಗಾಗ ತಣಿಸುತ್ತಿರುತ್ತದೆ. ಆದ್ದರಿಂದ ಹದಿಮೂರು ಮಂದಿಯ ಹೆಸರು ಬರೆದುಕೊಂಡ ದಿನವೇ ನಮ್ಮ ಗುಂಪಿನ ಹಿರಿಯರಾದ ಮೇಷ್ಟ್ರು, ಈ ಸಲ ಯಾರೂ ತಮ್ಮ ಹಳೆಯ ಟೈಮಿಂಗ್ ಮುರಿಯುವ ಮಾತನ್ನು ಆಡಬಾರದು ಎಂದು ಕಟ್ಟುನಿಟ್ಟಾಗಿ ಹೇಳಿದರು.

ಅವರು ಹಾಗೆ ಹೇಳುವುದಕ್ಕೆ ಹಿಂದಿನ ವರ್ಷದ ಒಂದು ಘಟನೆ ಕಾರಣ. 2023ರ ಏಪ್ರಿಲ್‌ನ ಒಂದು ಭಾನುವಾರ ಚಾಮುಂಡಿ ಬೆಟ್ಟದ ರಸ್ತೆಯನ್ನು ಏರಿ ಇಳಿಯುವ ಅಭ್ಯಾಸವನ್ನು ಇಟ್ಟುಕೊಂಡಿದ್ದೆವು. ತಡವಾಗಿ ಬಂದವರಿಗಾಗಿ ಕಾಯುತ್ತ ಹೊರಟಾಗ ಏಳೂಕಾಲು ಗಂಟೆ ಕಳೆದಿತ್ತು. ನಮ್ಮಲ್ಲಿ ಎಲ್ಲರಿಗಿಂತ ವೇಗವಾಗಿ ಓಡುವ ಹುಡುಗನೊಬ್ಬ ಹಿಂದಿನ ರಾತ್ರಿ ಸರಿಯಾಗಿ ನಿದ್ದೆ ಮಾಡಿರಲಿಲ್ಲ, ಬೆಳಿಗ್ಗೆ ನೀರನ್ನೂ ಕುಡಿದಿರಲಿಲ್ಲ. ಇಳಿಯುವಾಗ ನಂದಿಯ ಬಳಿ ಅವನು ನಿಂತದ್ದನ್ನು ಕಂಡು ದಣಿವಾರಿಸಿಕೊಳ್ಳುತ್ತಿದ್ದಾನೆಂದು ಭಾವಿಸಿ ನಾನು ಹತ್ತಿರ ಹೋದೆ. ಆ ದೊಡ್ಡ ಕರಿಯ ನಂದಿಯ ಮುಂದೆಯೇ ನಿಂತುಕೊಂಡು ಅವನು, "ಅಕ್ಕಾ, ನಂದಿ ಇನ್ನೂ ಎಷ್ಟು ದೂರ?" ಎಂದು ಕೇಳಿದ. ಆ ಪ್ರಶ್ನೆ ನನ್ನ ಕಿವಿಯಲ್ಲಿ ಇನ್ನೂ ಇದೆ. ಗುಂಪಿನಲ್ಲಿದ್ದ ನರ್ಸ್ ಒಬ್ಬರು ಓಡಿಬಂದು ಅವನನ್ನು ನೆರಳಿನಲ್ಲಿ ಮಲಗಿಸಿ, ಅಲ್ಲಿ ಎಳನೀರು ಮಾರುತ್ತಿದ್ದವರಿಂದ ಕೊಡಗಟ್ಟಲೆ ನೀರು ಪಡೆದು ಅವನ ತಲೆ, ಕತ್ತು, ಕಂಕುಳು, ತೊಡೆಸಂದುಗಳನ್ನು ತೋಯಿಸಿ, ನಾವೆಲ್ಲ ಟವೆಲ್‌ಗಳಿಂದ ಬಿಡದೆ ಗಾಳಿ ಬೀಸುವಂತೆ ಮಾಡಿದರು. ಕೂಡಲೇ ಕಾರಿನಲ್ಲಿ ಕೂರಿಸಿಕೊಂಡು ಹೋಗೋಣ ಎಂದವರಿಗೆ ಅವರು, "ಮೊದಲು ಮೈ ತಣ್ಣಗಾಗಲಿ, ಆಮೇಲೆ ಆಸ್ಪತ್ರೆ" ಎಂದರು. ಇಪ್ಪತ್ತು ನಿಮಿಷದ ಮೇಲೆ ಅವನು ತನ್ನ ಹೆಸರು, ಊರು, ವಾರ ಎಲ್ಲವನ್ನೂ ಸರಿಯಾಗಿ ಹೇಳಿದ. ಸಂಜೆ ಆಸ್ಪತ್ರೆಯಿಂದ ಮನೆಗೆ ಬಂದ.

ಓಡುವವರ ಮೈ ಕಾದು ಮಾತು ತಡವರಿಸಿದರೆ ಅಥವಾ ಬುದ್ಧಿ ಮಂಕಾದರೆ ಅದು ಬರಿಯ ಸುಸ್ತಲ್ಲ, ಶಾಖಾಘಾತ. ದೇಹದ ಒಳಗಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟಿರುವ ಸೂಚನೆ. ಅಂಥ ಹೊತ್ತಿನಲ್ಲಿ ಆಂಬುಲೆನ್ಸ್‌ಗೆ ಕರೆ ಮಾಡಬೇಕಾದದ್ದು ನಿಜವೇ ಆದರೂ ಅದು ಬರುವವರೆಗೆ ಕೈಕಟ್ಟಿ ಕುಳಿತಿರಬಾರದು, ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಲೂ ಬಾರದು, ಮೈಯನ್ನು ತಣಿಸುತ್ತಲೇ ಇರಬೇಕು. ಅಂದು ಆ ನರ್ಸ್ ನಮ್ಮೊಡನೆ ಇಲ್ಲದಿದ್ದರೆ ಏನಾಗುತ್ತಿತ್ತು ಎಂಬುದನ್ನು ನೆನೆದರೆ ಈಗಲೂ ಎದೆ ನಡುಗುತ್ತದೆ. ತಪ್ಪು ನಮ್ಮೆಲ್ಲರದೂ ಆಗಿತ್ತು. ತಡವಾಗಿ ಹೊರಟೆವು, ಬಿಸಿಲಿನಲ್ಲಿಯೂ ಡಿಸೆಂಬರ್‌ನ ಪೇಸ್ ಅನ್ನೇ ಹಿಡಿಯಲು ಹೋದೆವು, ನಿದ್ದೆ ಆಯಿತೇ ಎಂದು ಒಬ್ಬರನ್ನೊಬ್ಬರು ಕೇಳಲಿಲ್ಲ.

ಆದ್ದರಿಂದ 2024ರ ಏಳು ವಾರಗಳನ್ನು ಬೇರೆಯ ರೀತಿಯಲ್ಲಿ ಕಳೆದೆವು. ವಾರದ ದಿನಗಳಲ್ಲಿ ಐದು ಗಂಟೆಗೆ ಸರಿಯಾಗಿ ಹೊರಡುವುದು, ತಡವಾದವರು ಅಂದು ಒಂಟಿಯಾಗಿ ಓಡುವುದು ಎಂಬ ನಿಯಮ ಬಂತು. ಮಾರ್ಚ್ ಪೂರ್ತಿ ಕುಕ್ಕರಹಳ್ಳಿ ಕೆರೆಯ ಏರಿ ಮತ್ತು ಮಾನಸಗಂಗೋತ್ರಿಯ ರಸ್ತೆಗಳಲ್ಲಿ ನಿಧಾನವಾಗಿ ಓಡಿದೆವು. ಪಕ್ಕದವರೊಡನೆ ಪೂರ್ತಿ ವಾಕ್ಯದಲ್ಲಿ ಮಾತನಾಡಲು ಉಸಿರು ಸಾಲುತ್ತದೆಯೇ ಎಂಬುದೇ ನಮ್ಮ ಅಳತೆ. ಕೈಗಡಿಯಾರವನ್ನು ನೋಡುವುದನ್ನು ಮೇಷ್ಟ್ರು ಭಾನುವಾರಗಳಂದು ಬಿಡಿಸಿಯೇಬಿಟ್ಟರು. ಏಪ್ರಿಲ್‌ನ ಎರಡನೆಯ ವಾರದಿಂದ ಮಾತ್ರ ಕೆಲವು ದಿನ ಬೇಕೆಂದೇ ಏಳು ಗಂಟೆಯ ಬಿಸಿಲಿಗೆ ಮೈಯೊಡ್ಡಿದೆವು. ಬಿಸಿಗೆ ದೇಹ ಒಗ್ಗಿಕೊಳ್ಳಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಮೊದಲ ಕೆಲವು ದಿನಗಳಲ್ಲಿಯೇ ರಕ್ತದಲ್ಲಿನ ದ್ರವಾಂಶ ಹೆಚ್ಚುತ್ತದೆ. ಆಮೇಲೆ ಬೆವರು ಬೇಗ ಒಸರತೊಡಗುತ್ತದೆ, ಅದರಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ, ಅದೇ ವೇಗಕ್ಕೆ ಎದೆಬಡಿತ ಇಳಿಯುತ್ತದೆ. ಅಭ್ಯಾಸ ಬಿಟ್ಟರೆ ಕೆಲವೇ ವಾರಗಳಲ್ಲಿ ಇದೆಲ್ಲವೂ ಕರಗಿಹೋಗುವುದರಿಂದ, ಒಂದು ಬೇಸಿಗೆಯಲ್ಲಿ ಗಳಿಸಿದ್ದು ಮುಂದಿನ ಬೇಸಿಗೆಗೆ ಉಳಿಯುವುದಿಲ್ಲ.

ಮೇಷ್ಟ್ರು ಗಣಿತ ಕಲಿಸಿದವರು. ಅರವತ್ತು ಕಿಲೋ ತೂಕದವರು ಹತ್ತು ಕಿಲೋಮೀಟರ್ ಓಡಿದರೆ ಸುಮಾರು 600 ಕಿಲೋಕ್ಯಾಲರಿ ಖರ್ಚಾಗುತ್ತದೆ, ಅದರಲ್ಲಿ ಮುಕ್ಕಾಲು ಪಾಲು ಬರಿಯ ಶಾಖವಾಗಿ ಮೈಯಲ್ಲಿಯೇ ಹುಟ್ಟುತ್ತದೆ, ಒಂದು ಲೀಟರ್ ಬೆವರು ಪೂರ್ತಿಯಾಗಿ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಹೊತ್ತೊಯ್ಯುತ್ತದೆ ಎಂದು ಅವರು ಕೆರೆಯ ಬಳಿಯ ಕಲ್ಲುಬೆಂಚಿನ ಮೇಲೆ ಕುಳಿತು ಲೆಕ್ಕ ಬಿಡಿಸಿ ತೋರಿಸಿದ್ದು ನನಗೆ ಬಹಳ ಇಷ್ಟವಾಯಿತು. ಆವಿಯಾಗದೆ ನೆಲಕ್ಕೆ ತೊಟ್ಟಿಕ್ಕುವ ಬೆವರಿನಿಂದ ಮೈ ತಣಿಯುವುದಿಲ್ಲ. ಮಂಗಳೂರಿನಿಂದ ವರ್ಗವಾಗಿ ಬಂದ ನಮ್ಮ ಸದಸ್ಯರೊಬ್ಬರು ತಮ್ಮ ಊರಿನಲ್ಲಿ ಬಿಸಿಲು ಹುಟ್ಟುವ ಮೊದಲೇ ಅಂಗಿ ಒದ್ದೆಮುದ್ದೆಯಾಗುತ್ತದೆ, ಆದರೂ ಉರಿ ಆರುವುದಿಲ್ಲ ಎಂದು ಹೇಳುತ್ತಿದ್ದುದರ ಅರ್ಥ ನಮಗೆ ಅಂದು ಆಯಿತು. ಕರಾವಳಿಯ ಗಾಳಿಯಲ್ಲಿ ಮೊದಲೇ ತೇವ ತುಂಬಿರುವುದರಿಂದ ಬೆವರಿಗೆ ಹೋಗಲು ಜಾಗವಿರುವುದಿಲ್ಲ. ನಮ್ಮ ಒಣಗಾಳಿಯಲ್ಲಿ ಬೆವರು ಬಂದದ್ದೇ ತಿಳಿಯದಂತೆ ಆರಿಹೋಗುವುದರಿಂದ, ಎಷ್ಟು ನೀರು ಕಳೆದುಕೊಂಡೆವೆಂಬುದೂ ತಿಳಿಯುವುದಿಲ್ಲ. ಹೀಗಾಗಿ ಓಟದ ಮೊದಲು ಮತ್ತು ಅನಂತರ ತೂಕ ನೋಡಿಕೊಳ್ಳುವ ಪದ್ಧತಿಯನ್ನು ಇಟ್ಟುಕೊಂಡೆವು. ಒಂದು ಗಂಟೆಯಲ್ಲಿ ನನ್ನ ತೂಕ ಮುಕ್ಕಾಲು ಕಿಲೋ ಇಳಿಯುತ್ತಿತ್ತು.

ಕುಡಿಯುವುದರ ವಿಷಯದಲ್ಲಿ ನಾವು ದೂರ ಹೋಗಬೇಕಾಗಲಿಲ್ಲ. ಓಆರ್‌ಎಸ್ ಪೊಟ್ಟಣಗಳು ಎಲ್ಲರ ಚೀಲದಲ್ಲಿಯೂ ಇದ್ದವು, ಆದರೆ ಹೆಚ್ಚಿನ ದಿನಗಳಲ್ಲಿ ಉಪ್ಪು ಹಾಕಿದ ನೀರು ಮಜ್ಜಿಗೆ ಮತ್ತು ತೆಳ್ಳಗಿನ ರಾಗಿ ಅಂಬಲಿಯೇ ಸಾಕಾಯಿತು. ಏಪ್ರಿಲ್ 17ರ ರಾಮನವಮಿಯಂದು ಬೆಳಗಿನ ಓಟ ಮುಗಿಸಿ, ಬೀದಿಯ ಪೆಂಡಾಲಿನಲ್ಲಿ ಬೆಲ್ಲ, ಶುಂಠಿ, ಏಲಕ್ಕಿ, ನಿಂಬೆರಸದ ಪಾನಕವನ್ನೂ ಹೆಸರುಬೇಳೆಯ ಕೋಸಂಬರಿಯನ್ನೂ ಸೇವಿಸಿದಾಗ, ಬಿಸಿಲಿನಲ್ಲಿ ದುಡಿದು ನಡೆದು ಬಂದವರಿಗಾಗಿಯೇ ಹಿರಿಯರು ಈ ಹಬ್ಬದ ಊಟವನ್ನು ಗೊತ್ತುಮಾಡಿದರೇನೋ ಎನ್ನಿಸಿತು. ಗುಂಪಿನ ಹೆಂಗಸರಾದ ನಮಗೆ ಬೇಸಿಗೆಯೆಂದರೆ ಸಂಡಿಗೆ, ಹಪ್ಪಳ, ಉಪ್ಪಿನಕಾಯಿಗಳ ಕಾಲವೂ ಹೌದು, ರಜೆಗೆ ಬರುವ ನೆಂಟರ ಮಕ್ಕಳ ಕಾಲವೂ ಹೌದು. ನಾಲ್ಕು ಗಂಟೆಗೆ ಎದ್ದು ಸಂಡಿಗೆಯ ಹಿಟ್ಟು ಕಾಯಿಸಿಟ್ಟು ಓಟಕ್ಕೆ ಬಂದು, ಏಳಕ್ಕೆ ಮನೆಗೆ ಮರಳಿ ತಾರಸಿಯ ಮೇಲೆ ಸಂಡಿಗೆ ಇಡುತ್ತಿದ್ದ ಗೆಳತಿಯೊಬ್ಬರು ಒಂದು ಅಭ್ಯಾಸವನ್ನೂ ತಪ್ಪಿಸಲಿಲ್ಲ. ಪದಕ ಪಡೆದವರ ಪಟ್ಟಿಯಲ್ಲಿ ಇಂಥವರ ಹೆಸರು ಇರುವುದಿಲ್ಲವಾದರೂ ಅವರ ಶಿಸ್ತನ್ನು ನಾನು ಬಹಳ ದೊಡ್ಡದೆಂದು ತಿಳಿಯುತ್ತೇನೆ.

ಆ ವರ್ಷ ಇನ್ನೊಂದು ಸಂಕಟವಿತ್ತು. ಮಾರ್ಚ್‌ನಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿ, ಬಡಾವಣೆಗಳಲ್ಲಿ ಜನ ಟ್ಯಾಂಕರ್‌ಗಾಗಿ ಕಾಯುತ್ತಿದ್ದರು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಕೈತೋಟಕ್ಕೆ ಹಾಕಿದರೆ 5000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತ್ತು. ಅಂಥ ಊರಿಗೆ ಓಡಲು ಹೋಗಿ ಎರಡು ಗುಟುಕು ಕುಡಿದು ಉಳಿದ ನೀರನ್ನು ರಸ್ತೆಗೆ ಚೆಲ್ಲುವುದು ಸರಿಯೇ ಎಂದು ನಮ್ಮೊಳಗೆ ಚರ್ಚೆಯಾಯಿತು. ಹೋಗುವುದೇ ಬೇಡ ಎಂದವರೂ ಇದ್ದರು. ಕೊನೆಗೆ ಪ್ರತಿಯೊಬ್ಬರೂ ಸೊಂಟದ ಪಟ್ಟಿಯಲ್ಲಿ ಅರ್ಧ ಲೀಟರ್ ನೀರು ತಾವೇ ಒಯ್ಯುವುದು, ದಾರಿಯಲ್ಲಿ ತೆಗೆದುಕೊಂಡದ್ದನ್ನು ಪೂರ್ತಿ ಕುಡಿಯುವುದು ಅಥವಾ ತಲೆಗೆ ಸುರಿದುಕೊಳ್ಳುವುದು, ಒಂದು ಹನಿಯನ್ನೂ ಸುಮ್ಮನೆ ಚೆಲ್ಲದಿರುವುದು ಎಂದು ತೀರ್ಮಾನಿಸಿದೆವು. ಸೊಂಟದ ಭಾರಕ್ಕೆ ಓಟ ಸ್ವಲ್ಪ ನಿಧಾನವಾದರೂ ಚಿಂತೆಯಿಲ್ಲ ಎಂಬುದಕ್ಕೆ ಎಲ್ಲರೂ ಒಪ್ಪಿದರು.

ಏಪ್ರಿಲ್ 26ರ ಶುಕ್ರವಾರ ಲೋಕಸಭೆಯ ಚುನಾವಣೆಗೆ ಮೈಸೂರಿನಲ್ಲಿಯೂ ಬೆಂಗಳೂರಿನಲ್ಲಿಯೂ ಮತದಾನವಿತ್ತು. ನಮ್ಮಲ್ಲಿ ಶಾಲೆಯ ಶಿಕ್ಷಕಿಯೊಬ್ಬರಿಗೆ ಮತಗಟ್ಟೆಯ ಕೆಲಸ ಬಿದ್ದು, ಎರಡು ದಿನ ಸರಿಯಾದ ನಿದ್ದೆಯಿಲ್ಲದೆ ಅವರು ಶುಕ್ರವಾರ ತಡರಾತ್ರಿ ಮನೆ ಸೇರಿದರು. ಹಿಂದಿನ ವರ್ಷವಾಗಿದ್ದರೆ ನಾವೇ ಹುರಿದುಂಬಿಸಿ ಓಡಿಸುತ್ತಿದ್ದೆವು. ಈ ಸಲ ಅವರು ಓಟಗಾರರ ಸಂಖ್ಯೆಯ ಚೀಟಿಯಾದ ಬಿಬ್ ಅನ್ನು ಎದೆಗೆ ಹಾಕಿಕೊಳ್ಳದೆ ರಸ್ತೆಬದಿಯಲ್ಲಿ ನಿಂತು ನಮ್ಮನ್ನು ಕೂಗಿ ಕರೆಯುತ್ತೇನೆ ಎಂದಾಗ ಯಾರೂ ಒತ್ತಾಯಿಸಲಿಲ್ಲ. ಅವರ ಮುಖದಲ್ಲಿ ಬೇಸರವಿತ್ತು, ನಮಗೂ ಇತ್ತು. ಶನಿವಾರ ರೈಲಿನಲ್ಲಿ ಹದಿಮೂರು ಮಂದಿಯೂ ಕೂಡಿಯೇ ಹೊರಟೆವು, ಎಲ್ಲರ ಎಡಗೈ ತೋರುಬೆರಳಲ್ಲಿ ಶಾಯಿಯ ಗುರುತು.

ಓಟದ ದಿನ ಬೆಳಕು ಹರಿಯುವ ಮುನ್ನವೇ ಸಾವಿರಾರು ಮಂದಿಯ ನಡುವೆ ನಿಂತಾಗ ಗಾಳಿಯಲ್ಲಿ ತಂಪು ಎಂಬುದೇ ಇರಲಿಲ್ಲ. ಹೊಸದಾಗಿ ಬಂದವರಿಗೆ, ಮುಂದೆ ನುಗ್ಗುವ ಅಗತ್ಯವಿಲ್ಲ, ಬಿಬ್‌ನಲ್ಲಿರುವ ಚಿಪ್ ಗೆರೆ ದಾಟಿದ ಕ್ಷಣದಿಂದ ನಮ್ಮ ಸಮಯ ಎಣಿಕೆಯಾಗುತ್ತದೆ ಎಂದು ತಿಳಿಸಿ ಹಿಂದಿನ ಸಾಲಿನಲ್ಲಿ ನಿಂತೆವು. ಬೆಂಗಳೂರಿನ ಈ ದಾರಿ ಮೇಲುನೋಟಕ್ಕೆ ಸಮತಟ್ಟಾಗಿ ಕಂಡರೂ ಕಾಲುಗಳಿಗೆ ಹಾಗೆ ಅನ್ನಿಸುವುದಿಲ್ಲ. ಹಲಸೂರು ಕೆರೆಯ ಆಸುಪಾಸಿನಿಂದ ಕಬ್ಬನ್ ಉದ್ಯಾನದ ಕಡೆಗೆ ಸಾಗುವಾಗ ಸಣ್ಣ ಸಣ್ಣ ಏರುಗಳು ಒಂದರ ಹಿಂದೊಂದು ಬರುತ್ತವೆ. ಚಾಮುಂಡಿ ಬೆಟ್ಟದ ಅಭ್ಯಾಸ ಅಲ್ಲಿ ಕೈಹಿಡಿಯಿತು. ಮೊದಲ ಮೂರು ಕಿಲೋಮೀಟರ್ ನಮ್ಮನ್ನು ನೂರಾರು ಮಂದಿ ಹಿಂದಿಕ್ಕಿ ಹೋದರು. ಆರನೆಯ ಕಿಲೋಮೀಟರ್ ಆದ ಮೇಲೆ ಅವರಲ್ಲಿ ಅನೇಕರು ನಡೆಯುತ್ತಿರುವುದನ್ನು ನೋಡಿದೆವು. ಮೇಷ್ಟ್ರು ನನ್ನ ಪಕ್ಕದಲ್ಲಿ, ಹೆಜ್ಜೆಯ ಲಯ ಒಂದಿಷ್ಟೂ ತಪ್ಪದಂತೆ, ಅರವತ್ತಾರರ ವಯಸ್ಸಿನಲ್ಲಿ, ನೀರಿನ ಕೊನೆಯ ಗುಟುಕನ್ನು ಎಂಟನೆಯ ಕಿಲೋಮೀಟರಿಗೆಂದು ಉಳಿಸಿಕೊಂಡು ಓಡುತ್ತಿದ್ದರು. ಅಲ್ಲಿಯೇ ರಸ್ತೆಬದಿಯಲ್ಲಿ ನಮ್ಮ ಶಿಕ್ಷಕಿಯ ದನಿ ಕೇಳಿದಾಗ ಕಣ್ಣು ತುಂಬಿ ಬಂತು.

ಗೆರೆ ದಾಟಿದಾಗ ನನ್ನ ಸಮಯ 1 ಗಂಟೆ 9 ನಿಮಿಷ. ಚಳಿಗಾಲದ ನನ್ನ ಪಿಬಿಗಿಂತ, ಅಂದರೆ ನನ್ನ ಅತ್ಯುತ್ತಮ ಸಮಯಕ್ಕಿಂತ, ನಾಲ್ಕು ನಿಮಿಷ ಹೆಚ್ಚು. ಹಿಂದಿನ ವರ್ಷ ನಂದಿಯ ಬಳಿ ಬಿದ್ದಿದ್ದ ಹುಡುಗ 52 ನಿಮಿಷದಲ್ಲಿ ಮುಗಿಸಿ, ಮನೆಗೆ ಹೋಗುವ ಅವಸರ ತೋರದೆ, ಬರುವ ಪ್ರತಿಯೊಬ್ಬ ಸದಸ್ಯರ ಎದುರಿಗೆ ನಿಂತು "ಇವತ್ತು ಯಾವ ವಾರ?" ಎಂದು ಕೇಳಿ, ಉತ್ತರ ಸರಿಯಾಗಿದ್ದರೆ ಮಾತ್ರ ಮುಂದೆ ಬಿಡುತ್ತಿದ್ದ. ಅಂದಿನ ಅಂತರರಾಷ್ಟ್ರೀಯ ವಿಭಾಗದಲ್ಲಿ ಕೀನ್ಯಾದ ಪೀಟರ್ ಮ್ವಾನಿಕಿ 28 ನಿಮಿಷ 15 ಸೆಕೆಂಡಿನಲ್ಲಿ, ಮಹಿಳೆಯರಲ್ಲಿ ಅದೇ ದೇಶದ ಲಿಲಿಯನ್ ಕಸಾಯಿತ್ 30 ನಿಮಿಷ 56 ಸೆಕೆಂಡಿನಲ್ಲಿ ಗೆದ್ದರು. 2022ರಲ್ಲಿ ನಿಕೋಲಸ್ ಕಿಮೇಲಿ ಇದೇ ಓಟದಲ್ಲಿ 27 ನಿಮಿಷ 38 ಸೆಕೆಂಡಿನ ದಾಖಲೆ ಮಾಡಿದ್ದರು.

ಮಧ್ಯಾಹ್ನದ ಹೊತ್ತಿಗೆ ಬೆಂಗಳೂರಿನಲ್ಲಿ ಉಷ್ಣತೆ 38.5 ಡಿಗ್ರಿ ಮುಟ್ಟಿತು. ಆ ಊರಿನ ಏಪ್ರಿಲ್‌ನಲ್ಲಿ ಅದಕ್ಕಿಂತ ಹೆಚ್ಚಿನದು ಈಚಿನ ದಶಕಗಳಲ್ಲಿ ಕಂಡದ್ದು 2016ರಲ್ಲಿ, 39.2 ಡಿಗ್ರಿ. ಅಂದರೆ ನಾವು ಓಡಿದ ದಿನವೇ ಆ ಬೇಸಿಗೆಯ ಅತಿ ಬಿಸಿಯ ದಿನಗಳಲ್ಲಿ ಒಂದಾಗಿತ್ತು, ಮತ್ತು ನಮ್ಮ ಹನ್ನೆರಡು ಮಂದಿಯಲ್ಲಿ ಒಬ್ಬರೂ ಚಿಕಿತ್ಸೆಯ ಡೇರೆಯ ಕಡೆಗೆ ಹೋಗಬೇಕಾಗಲಿಲ್ಲ. ಮರಳುವ ರೈಲಿನ ಕಿಟಕಿಯಿಂದ ಬೆಂಕಿಯಂಥ ಗಾಳಿ ಬೀಸುತ್ತಿತ್ತು. ಮದ್ದೂರಿನಲ್ಲಿ ವಡೆ ಕೊಂಡೆವು. ಶಿಕ್ಷಕಿ ಕಿಟಕಿಗೆ ತಲೆಯಾನಿಸಿ ಗಾಢವಾಗಿ ನಿದ್ದೆ ಹೋಗಿದ್ದರು. ಅವರ ಪಾಲಿನ ವಡೆಯನ್ನು ಕಾಗದದಲ್ಲಿ ಸುತ್ತಿ ಅವರ ಚೀಲದೊಳಗೆ, ಹಾಕಿಕೊಳ್ಳದೆ ಉಳಿದ ಬಿಬ್‌ನ ಪಕ್ಕದಲ್ಲಿ, ಇಟ್ಟೆವು.