ಟೆರಿಯರ್‌ಗೆ ಗದರಿಕೆಯೊಂದೇ ಸಾಲದು, ಬಿಸ್ಕೆಟೂ ಸಾಲದು

ಬದಿಯಡ್ಕ, ಪೆರ್ಲ ಕಡೆಯ ಅಡಿಕೆ ತೋಟಗಳಲ್ಲಿ ಟೆರಿಯರ್ ನಾಯಿ ಸಾಕುವವರು ಗಮನಿಸಿ. ಇದು ಹೆಚ್ಚಾಗಿ ಬಿಲಕ್ಕೆ ನುಗ್ಗಿ ಬೇಟೆಯಾಡಲೆಂದು ಬೆಳೆಸಿದ ತಳಿಗಳ ಗುಂಪು. ಹೆಗ್ಗಣದ ವಾಸನೆ ಹಿಡಿದ ಮೇಲೆ ಕರೆದರೂ ಬಾರದು. ಅದು ಸೊಕ್ಕಲ್ಲ, ಹುಟ್ಟುಗುಣ.

ಯಜಮಾನಿಕೆ ತೋರಿಸಲು ನೆಲಕ್ಕೆ ಒತ್ತಿ ಹಿಡಿಯುವುದು ಬೇಡವೇ ಬೇಡ. ಟೆರಿಯರ್ ಬಗ್ಗುವ ಬದಲು ತಿರುಗಿ ಬೀಳುತ್ತದೆ. ಗುರ್ ಅಂದದ್ದಕ್ಕೆ ಹೊಡೆದರೆ ನಾಳೆ ಎಚ್ಚರಿಕೆಯಿಲ್ಲದೆ ಕಚ್ಚಬಹುದು. ತೋಳದ ಗುಂಪಿನಲ್ಲಿ ಬಲದಿಂದ ಗೆದ್ದವನೇ ಯಜಮಾನ, ನಾಯಿಗೂ ಹಾಗೆಯೇ ಎಂಬ ವಾದ ಹುಟ್ಟಿದ್ದು ಬೋನಿನ ತೋಳಗಳನ್ನು ನೋಡಿ. ತೋಳಗಳ ಕುರಿತ ಆ ಕಲ್ಪನೆಯನ್ನು ತೋಳತಜ್ಞ ಡೇವಿಡ್ ಮೀಚ್ 1999ರಲ್ಲೇ ತಿದ್ದಿದ್ದಾರೆ: ಕಾಡಿನ ತೋಳದ ಗುಂಪೆಂದರೆ ಹೆಚ್ಚಾಗಿ ಅಪ್ಪ, ಅಮ್ಮ, ಮರಿಗಳು.

ಹಾಗಂತ ಶಿಸ್ತು ಬಿಡಬೇಡಿ. ಹಿಡಿತ ಇರಬೇಕಾದದ್ದು ಊಟ, ಬಾಗಿಲು, ಹಗ್ಗದ ಮೇಲೆ. ನಾಯಿಯ ಕುತ್ತಿಗೆಯ ಮೇಲಲ್ಲ. ‘ಬಿಡು’ ಕಲಿಸಲು ಮುಷ್ಟಿಯಲ್ಲಿ ಕಡಲೆಕಾಳಿನಷ್ಟು ಬೇಯಿಸಿದ ಕೋಳಿ ಹಿಡಿಯಿರಿ, ಉಪ್ಪು ಮಸಾಲೆ ಹಾಕಬೇಡಿ. ಮೂತಿ ಹಿಂದೆ ಸರಿದ ಸೆಕೆಂಡಿನೊಳಗೆ ಹೊಗಳಿ ಇನ್ನೊಂದು ಕೈಯಿಂದ ಕೊಡಿ. ತಡವಾದರೆ ಯಾವುದಕ್ಕೆ ಸಿಕ್ಕಿತೆಂದೇ ಅದಕ್ಕೆ ತಿಳಿಯದು. ಒಂದು ಸಲಕ್ಕೆ ಐದು ನಿಮಿಷ ಸಾಕು. ಇದು ಪಕ್ಕಾ ಆದ ಮೇಲೆ 5 ಮೀಟರ್ ಹಗ್ಗ ಕಟ್ಟಿ ಬಿಲದಿಂದ ದೂರದಲ್ಲಿ ಶುರುಮಾಡಿ, ದಿನ ಕಳೆದಂತೆ ಹತ್ತಿರ ಬನ್ನಿ. ಹಗ್ಗವನ್ನು ಕೊರಳಪಟ್ಟಿಗಲ್ಲ, ಎದೆಪಟ್ಟಿಗೇ ಕಟ್ಟಿ. ಓಡಿ ನಿಂತಾಗಿನ ಎಳೆತ ಕೊರಳಿಗೆ ಬೀಳಬಾರದು.

ಕರೆದಾಗ ಬಂದರೆ ಮರಳಗುಂಡಿಯಲ್ಲಿ ಅಗೆಯಲು ಬಿಡಿ. ಟೆರಿಯರ್‌ಗೆ ಕೋಳಿಗಿಂತ ದೊಡ್ಡ ಬಹುಮಾನ ಅದು.

ಇನ್ನೊಂದು, ಮನೆಯಲ್ಲಿ ಒಬ್ಬರು ಕನ್ನಡ, ಒಬ್ಬರು ತುಳು, ಮತ್ತೊಬ್ಬರು ಮಲಯಾಳದಲ್ಲಿ ಕರೆದರೆ ಮರಿ ಗೊಂದಲಕ್ಕೆ ಬೀಳುತ್ತದೆ. ಎಲ್ಲರೂ ಒಂದೇ ಮಾತು ಬಳಸಿ.