ಕಾಯಿಲ್ ಅದಲು ಬದಲು

ಚಿಕ್ಕಬಳ್ಳಾಪುರದ ಮೆಕ್ಯಾನಿಕ್ ಅಣ್ಣ ಇವತ್ತು ನನ್ನ ಗಾಡಿಯ ಟರ್ಬೊ (ಇಂಜಿನ್‌ಗೆ ಹೆಚ್ಚು ಗಾಳಿ ತಳ್ಳೋ ಭಾಗ) ಮುಟ್ಟಲೇ ಇಲ್ಲ.

ನಂದಿ ಬೆಟ್ಟದ ಏರಲ್ಲಿ ಆಕ್ಸಿಲರೇಟರ್ ಒತ್ತಿದ್ರೆ ಸಾಕು, ಸೈಲೆನ್ಸರ್ ಪಟ್ ಪಟ್ ಅಂತಿತ್ತು. ಸ್ಕ್ಯಾನರ್ ಹಾಕಿದ್ರು: ಪಿ0302, ಎರಡನೇ ಸಿಲಿಂಡರ್ ಮಿಸ್, ಅಂದ್ರೆ ಅಲ್ಲಿ ಪೆಟ್ರೋಲ್ ಸರಿಯಾಗಿ ಉರೀತಿಲ್ಲ. ಅದರ ಕಾಯಿಲ್ (ಪ್ಲಗ್ಗಿಗೆ ಕಿಡಿಯ ವೋಲ್ಟೇಜ್ ಕೊಡೋ ಭಾಗ) ಬಿಚ್ಚಿ ಮೂರನೇದಕ್ಕೆ ಹಾಕಿದ್ರು, ಮೂರನೇದು ಇಲ್ಲಿಗೆ. ಕೋಡ್ ಅಳಿಸಿ ಮತ್ತೆ ಏರು ಹತ್ತಿಸಿದ್ರೆ... ಪಿ0303!

ಕಾಯಿಲ್ ಜೊತೇಲೇ ಮಿಸ್ಸೂ ಹೋಯ್ತು. ಇದ್ದಲ್ಲೇ ಇದ್ದ ಪ್ಲಗ್ಗೂ ಅಲ್ಲ, ಪೆಟ್ರೋಲ್ ಚಿಮ್ಮಿಸೋ ಇಂಜೆಕ್ಟರೂ ಅಲ್ಲ.

"ಟರ್ಬೊ ಬೂಸ್ಟ್ ಬಂದಾಗ ಸಿಲಿಂಡರ್ ಒಳಗೆ ಒತ್ತಡ ಜಾಸ್ತಿ ಸಾರ್. ಕಿಡಿ ಹಾರೋಕೆ ವೋಲ್ಟೇಜೂ ಜಾಸ್ತಿ ಬೇಕು. ಸೋತ ಕಾಯಿಲ್ ಅಲ್ಲೇ ಕೈ ಕೊಡೋದು. ಉರಿಯದ ಪೆಟ್ರೋಲ್ ಹೊಗೆ ಪೈಪಲ್ಲಿ ಸಿಡಿಯುತ್ತೆ."

ಒಂದು ಪಾರ್ಟೂ ಕೊಳ್ಳದೆ ಗಾಡಿಯ ಕಾಯಿಲೆ ಕಂಡುಹಿಡಿದ್ರು. ಇಂಥ ಕೈಗೆ ನನ್ನ ನಮಸ್ಕಾರ.

ಹೊಸ ಕಾಯಿಲ್ ಬರೋವರೆಗೂ ಗಾಡಿ ಅವರ ಶೆಡ್ಡಲ್ಲೇ ಇರಲಿ. ಹೀಗೇ ಓಡಿಸಿದ್ರೆ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರೂ ಸುಟ್ಟೀತು.